ಯಾವುದಕ್ಕೆ ಫೇವರಬಲ್?

ಬಂದರಿನಲ್ಲಿ ಅವನನ್ನು ಎಲ್ಲರೂ ಮೈಕಣ್ಣ ಎಂದೇ ಕರೆಯುತ್ತಾರೆ. ಹವಾಮಾನ ಕಚೇರಿಯವರು ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಮಾತಿಗೆ ತಿರುಗಿಸಿ, ಮೈಕಿನಲ್ಲಿ ದೋಣಿಯವರಿಗೆ ಕೂಗಿ ಹೇಳುವುದು ಅವನ ಕೆಲಸ. ಐಸು, ಡೀಸೆಲ್ಲು, ಮೀನಿನ ವಾಸನೆ ಬೆರೆತ ಆ ಗೂಡಿನಂಥ ಕೋಣೆಯಲ್ಲಿ ಇರುವುದು ಒಂದೇ ಕುರ್ಚಿ. ಅದರಲ್ಲಿ ಕೂತವನಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು ಎಂದು ಊರು ನಂಬಿತ್ತು. ಅವನಿಗೆ ಬರುತ್ತಿದ್ದುದು ಅರ್ಧಂಬರ್ಧ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗೊತ್ತಿಲ್ಲದ ಪದಗಳನ್ನು ನುಂಗಿಕೊಂಡೇ ವರ್ಷಗಳನ್ನು ದೂಡಿದ್ದ. ನನಗೆ ಅವನ ಮೇಲೆ ಸಿಟ್ಟಿದೆ, ಕನಿಕರವೂ ಇದೆ. ಯಾವುದು ಹೆಚ್ಚೋ ತಿಳಿಯದು.

ಒಂದು ಬೆಳಿಗ್ಗೆ ಹವಾಮಾನ ಕಚೇರಿಯ ಅಧಿಕಾರಿ ಫೋನಿನಲ್ಲಿ, "ಕಂಡೀಷನ್ಸ್ ಫೇವರಬಲ್ ಫಾರ್ ಸ್ಕ್ವಾಲ್" ಎಂದ. ಸ್ಕ್ವಾಲ್ ಎಂದರೇನೋ ಮೈಕಣ್ಣನಿಗೆ ಗೊತ್ತಿರಲಿಲ್ಲ. ಫೇವರಬಲ್ ಗೊತ್ತಿತ್ತು: ಒಳ್ಳೆಯದು, ಅನುಕೂಲ. ಅಷ್ಟು ಒಳ್ಳೆಯ ಮಾತಿನ ಹಿಂದೆ ಕೆಟ್ಟದ್ದು ಬಂದೀತೇ? ಮೈಕಿನ ಗುಂಡಿ ಒತ್ತಿದ.

"ಹವೆ ಅನುಕೂಲವಾಗಿದೆ. ಹೊರಡಬಹುದು."

ಮೋಡ ನೋಡಿ ಹೋಗಲೋ ಬೇಡವೋ ಎಂದು ದೋಣಿ ಕಟ್ಟುವ ಧಕ್ಕೆಯ ಮೇಲೇ ಕೂತಿದ್ದ ಅವನ ಹೆಂಡತಿಯ ತಮ್ಮ, "ಭಾವನೇ ಹೇಳಿದ್ಮೇಲೆ ಇನ್ನೇನು" ಎಂದು ಹಗ್ಗ ಬಿಚ್ಚಿದ.

ಮಧ್ಯಾಹ್ನ ಬಿರುಗಾಳಿ ಎದ್ದಿತು. ದೋಣಿಗಳೆಲ್ಲ ಹೇಗೋ ದಡ ಸೇರಿದವು. ಭಾಮೈದನ ಬಲಗೈ ಮಾತ್ರ ದೋಣಿಗೂ ಧಕ್ಕೆಗೂ ನಡುವೆ ಸಿಕ್ಕಿ ಜಜ್ಜಿಹೋಯಿತು. ಡಾಕ್ಟರು ಮೊಣಕೈವರೆಗೆ ತೆಗೆದುಹಾಕಿದರು.

ಮೈಕಣ್ಣ ಆ ಅಧಿಕಾರಿಗೆ ಫೋನು ಹಚ್ಚಿ ಕೂಗಾಡಿದ. "ಫೇವರಬಲ್ ಅಂದ್ರಲ್ಲ ಸಾರ್!"

"ಬಿರುಗಾಳಿ ಏಳೋಕೆ ಫೇವರಬಲ್ ಅಂದೆ ಕಣಯ್ಯ! ಸ್ಕ್ವಾಲ್ ಅಂದ್ರೆ ಬಿರುಗಾಳಿ. ಗೊತ್ತಿಲ್ದಿದ್ರೆ ಕೇಳ್ಬಾರ್ದಿತ್ತಾ?"

ಅವನು ಫೋನು ಇಟ್ಟ. ಅಂದಿನಿಂದ ಮನೆಯಲ್ಲಿ ತಟ್ಟೆಯ ಅನ್ನವನ್ನು ಹಾಗೇ ಬಿಟ್ಟು ಏಳುತ್ತಿದ್ದ. "ಗಾಳಿ ಯಾರ ಮಾತು ಕೇಳುತ್ತೆ? ನೀವ್ಯಾಕೆ ಕೊರಗ್ತೀರಿ?" ಎಂದು ಹೆಂಡತಿ ಸಮಾಧಾನ ಮಾಡಿದಷ್ಟೂ ಅವನಿಗೆ ತನ್ನ ಮೇಲೇ ಹೇಸಿಗೆ ಹೆಚ್ಚಿತು.

ಆಸ್ಪತ್ರೆಯಲ್ಲಿ ಭಾಮೈದ ಅವನನ್ನು ನೋಡಿ ನಗಲು ಪ್ರಯತ್ನಿಸಿದ. "ನೀವು ಸರಿಯಾಗೇ ಹೇಳಿದ್ರಿ ಭಾವ. ಗಾಳೀನೇ ಮಾತು ತಪ್ತು."

"ಇಲ್ಲ ಕಣೋ. ಗಾಳಿ ಬರುತ್ತೆ ಅಂತಲೇ ಅವರು ಹೇಳಿದ್ದು. ನನಗೆ ಅರ್ಥ ಆಗ್ಲಿಲ್ಲ. ಕೇಳೋಕೆ ನಾಚಿಕೆ ಆಯ್ತು."

ಭಾಮೈದ ಗೋಡೆಯತ್ತ ಮುಖ ತಿರುಗಿಸಿದ. ಹೊರಗೆ ಅಕ್ಕ ನರ್ಸಿನೊಂದಿಗೆ ಮಾತಾಡುವುದು ಕೇಳಿಸಿತು.

"ಅಕ್ಕನಿಗೆ ಹೇಳ್ಬೇಡಿ," ಎಂದ. "ನನ್ನ ಕೈಯಂತೂ ಹೋಯ್ತು. ಅವಳ ಸಂಸಾರನಾದ್ರೂ ಉಳೀಲಿ."

ಅಷ್ಟರಲ್ಲಿ ಅವಳು ಒಳಗೆ ಬಂದಳು. ಗಂಡನ ಕಣ್ಣೀರನ್ನು ಅಂಗೈಯಿಂದ ಒರೆಸಿ, "ನೋಡೋ, ನಿಮ್ಮ ಭಾವನಿಗೆ ನಿನ್ನ ಮೇಲೆ ಎಷ್ಟು ಪ್ರೀತಿ!" ಎಂದಳು.