ದನಿ ಇಳಿಸುವ ಹೆಡ್‌ಮಾಸ್ತರರು

ಅಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ನಮ್ಮಲ್ಲಿ ಬಾಡಿಗೆಗಿದ್ದ, ಶಾಲೆಯ ಹೊಸ ಅಕ್ಕೋರು ಮೂರನೇ ಇಯತ್ತೆಯ ಮಕ್ಕಳನ್ನು ಗದರಿಸಿ ಗದರಿಸಿ ಗಂಟಲು ಕಟ್ಟಿಸಿಕೊಂಡಿದ್ದರು. "ನೌಕರಿ ಬಿಡ್ತೀನ್ರಿ" ಎಂದು ಪಿಸುಗುಟ್ಟಿದರು.

ಎದುರುಮನೆಯ ಹೆಡ್‌ಮಾಸ್ತರರು ಧೋತರದ ಚುಂಗಿನಿಂದ ಕನ್ನಡಕ ಒರೆಸುತ್ತ ಬಂದು ಎಂದಿನ ಮದ್ದನ್ನೇ ಕೊಟ್ಟರು: "ದನಿ ಇಳಸ್ರಿ, ಅಕ್ಕೋರ." ಇಳಿಸಲು ಆಕೆಯಲ್ಲಿ ದನಿಯೇ ಉಳಿದಿರಲಿಲ್ಲ. ಮಾಸ್ತರರ ಮಾತು ಎಷ್ಟು ಮೆಲ್ಲಗೆಂದರೆ, ಕೇಳಿಸಿಕೊಳ್ಳಲು ನಾನು ರೊಟ್ಟಿ ಬಡಿಯುವುದನ್ನೇ ನಿಲ್ಲಿಸಬೇಕಾಗುತ್ತಿತ್ತು.

ಆಮೇಲೆ ಮಾಸ್ತರರೇ ಉಪಾಯ ಹೇಳಿದರು: "ಅಗದಿ ಗದ್ದಲದಾಕಿ ಯಾರು? ಆಕಿ ಕೈಯಾಗ ಗಂಟಿ ಕೊಡ್ರಿ. ಎಲ್ಲಾರೂ ಸುಮ್ಮಾದ ಮ್ಯಾಲೆ ಸಾಲಿ ಬಿಡೂ ಸೂಟಿ ಗಂಟಿ ಹೊಡೀಲಿ."

ಸಂಜೆ ಅಕ್ಕೋರು ನಗುತ್ತ ಬಂದು ಚಹಾ ಕೇಳಿದರು. ಸಾಲಿಯ ಗೋಡೆಗೆ ಹತ್ತಿದ ಮನೆಯ ಕಾಕು ಮಾತ್ರ ಗೊಣಗಿದರು: "ಇವತ್ತ ಸಾಲಿ ಸೂಟಿ ಇತ್ತೇನವಾ? ಗದ್ದಲಿಲ್ಲಂತ ಕಣ್ಣ ಹತ್ತಿದ್ವು, ಬಿಸಲಿಗೆ ಹಾಕಿದ್ದ ಸಂಡಿಗಿ ಎಲ್ಲಾ ಕಾಗಿ ತಿಂದು ಹೋದ್ವು."