ನಡೆದು ಹೋಗುವಷ್ಟು ಹತ್ತಿರ

ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಒಳಗಿನಿಂದ ಒಂದು ಬಣ್ಣದ ಕರಪತ್ರ ಜಾರಿ ಕಾಫಿ ಲೋಟದ ಪಕ್ಕ ಬಿತ್ತು. ನಮ್ಮ ಉಲ್ಲಾಳದ ಆಚೆ ಯಾರೋ ಹೊಸ ಬಡಾವಣೆ ಮಾಡುತ್ತಿದ್ದಾರೆ. ಮೆಟ್ರೋ ಹತ್ತಿರ, ಆಸ್ಪತ್ರೆ ಹತ್ತಿರ, ವಿಶ್ವವಿದ್ಯಾಲಯಕ್ಕಂತೂ ಐದೇ ನಿಮಿಷ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಐದು ನಿಮಿಷವಂತೆ! ಈ ಟ್ರಾಫಿಕ್ಕಿನಲ್ಲಿ ಐದು ನಿಮಿಷಕ್ಕೆ ನಮ್ಮ ಬೀದಿಯ ತಿರುವು ದಾಟಿದರೆ ಪುಣ್ಯ. ಆದರೆ ನನಗೆ ರೇಗಿದ್ದು ಆ ಸುಳ್ಳಿಗಲ್ಲ. ವಿಶ್ವವಿದ್ಯಾಲಯವನ್ನು ಹಾಲಿನ ಬೂತಿನ ಹಾಗೆ ದೂರ ಅಳೆದು ಹೇಳುವ ಆ ಧಾಟಿಗೆ. ಆ ಧಾಟಿಯನ್ನು ಕೇಳಿ ಕೇಳಿಯೇ ನಾನು ಬೆಳೆದದ್ದು.

ನಮ್ಮ ಅಪ್ಪನ ವಿಷಯ ನಿಮಗೆ ಹೇಳಲೇಬೇಕು. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಕುರುಬರಹಳ್ಳಿಯ ಬಾಡಿಗೆ ಮನೆಯಲ್ಲಿದ್ದಾಗಲೇ ಉಲ್ಲಾಳದಲ್ಲಿ ಸೈಟು ಕೊಂಡರು. ಆಗ ಇಲ್ಲಿ ರಾಗಿ ಹೊಲ, ನಡುವೆ ಕಲ್ಲು ನೆಟ್ಟ ಸೈಟುಗಳು, ಅಷ್ಟೇ. ವಿಜಯನಗರದಲ್ಲಿದ್ದ ನಮ್ಮ ಸೋದರತ್ತೆ ಸೈಟು ನೋಡಲು ಬಂದವರು ಸೀರೆಗೆ ಅಂಟಿದ ಮುಳ್ಳು ಕೀಳುತ್ತಾ, "ಇಲ್ಲಿ ನರಿ ಕೂಗುತ್ತಲ್ಲೋ, ಇಲ್ಲಿ ಬಂದು ಏನ್ ಮಾಡ್ತೀಯ?" ಎಂದಿದ್ದರಂತೆ. ಅಪ್ಪ ಕೈ ಎತ್ತಿ ದೂರದ ಕಾಂಪೌಂಡು ತೋರಿಸಿ, "ಅಲ್ನೋಡಕ್ಕ, ಯೂನಿವರ್ಸಿಟಿ. ಮಗೂನ ಓದಿಂದು ಯೋಚ್ನೆ ಮುಗೀತು" ಎಂದರಂತೆ. ಆ ಮಗು ನಾನು. ಆಗಿನ್ನೂ ಸ್ಲೇಟಿನ ಮೇಲೆ ಅ, ಆ ತಿದ್ದುತ್ತಿದ್ದೆ.

ಬಡಾವಣೆಯ ಜನರ ತಪ್ಪೇ ಇದು. ಸೈಟು ಕೊಂಡರೆ ಅದರ ಸುತ್ತ ಇರುವುದೆಲ್ಲ ಸೈಟಿನ ಜೊತೆಗೇ ಬಂತು ಎಂದುಕೊಳ್ಳುತ್ತಾರೆ. ಪಾರ್ಕು ನಮ್ಮದು, ಬಸ್ ಸ್ಟಾಪು ನಮ್ಮದು, ಮೂಲೆಯ ಗಣಪತಿ ನಮ್ಮವನು. ಅಪ್ಪ ಆ ಸಾಲಿಗೆ ವಿಶ್ವವಿದ್ಯಾಲಯವನ್ನೂ ಸೇರಿಸಿಕೊಂಡುಬಿಟ್ಟಿದ್ದರು. ಅದೋ, ಕಾನೂನು ಕಲಿಸುವ ಜಾಗ. ದೇಶದ ಮೂಲೆಮೂಲೆಯ ಮಕ್ಕಳು ಪ್ರವೇಶ ಪರೀಕ್ಷೆಗೆ ಮುಗಿಬೀಳುತ್ತಾರೆ. ಸೀಟು ಬೆರಳೆಣಿಕೆಯಷ್ಟು. ಇದನ್ನು ಅಪ್ಪನಿಗೆ ಬಿಡಿಸಿ ಹೇಳಲು ನಾನು ಎರಡನೇ ಪಿಯುಸಿಯ ವರ್ಷವಿಡೀ ಹೆಣಗಿದೆ.

"ಅಲ್ಲಿ ಸೀಟ್ ಸಿಗೋದು ತುಂಬ ಕಷ್ಟ ಅಪ್ಪ."

"ಕಷ್ಟ ಏನು ಬಂತು? ನಡ್ಕೊಂಡು ಹೋಗ್ಬಹುದು."

"ಹೋಗೋದಲ್ಲ ಅಪ್ಪ, ಸೇರೋದು!"

"ಮೊದ್ಲು ಹತ್ರ ಇರ್ಬೇಕಮ್ಮ. ಆಮೇಲೆ ಮಿಕ್ಕಿದ್ದು."

ಅಪ್ಪನದು ಇದು. ಅಮ್ಮನದು ಇನ್ನೊಂದು. ಮಧ್ಯಾಹ್ನ ಮನೆಗೇ ಬಂದು ಬಿಸಿ ಸಾರು ಅನ್ನ ಉಣ್ಣಬಹುದು ಎಂಬುದೇ ಆಕೆಗೆ ಆ ಸಂಸ್ಥೆಯ ಹಿರಿಮೆ. ಅತ್ತೆಯದು ಇದಕ್ಕೆ ತದ್ವಿರುದ್ಧ. ಅಪ್ಪನ ಮನೆಯ ಪಕ್ಕ ಒಳ್ಳೆಯದೊಂದು ಇರಬಹುದು ಎಂಬುದನ್ನೇ ಅವರು ಒಪ್ಪುತ್ತಿರಲಿಲ್ಲ. "ಅಷ್ಟು ದೊಡ್ಡದಾಗಿದ್ರೆ ಉಲ್ಲಾಳಕ್ಕೆ ಯಾಕೆ ಬರ್ತಿತ್ತು? ನಮ್ಮನೆ ಹತ್ರ ಬಿಕಾಂ ಸೇರ್ಸು" ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಅಷ್ಟು ಶ್ರದ್ಧೆಯಿಂದ ನಂಬಿದವರನ್ನು ನಾನು ಬೇರೆ ಕಂಡಿಲ್ಲ.

ಇವರೆಲ್ಲರ ನಡುವೆ ಅರ್ಜಿ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವಳು ನಾನು. ನಿಜ ಹೇಳುತ್ತೇನೆ, ಆಸೆ ಬೆಟ್ಟದಷ್ಟಿತ್ತು. ಟ್ಯೂಷನ್ನಿನಿಂದ ಬರುವಾಗ ಗೇಟಿನ ಸರಳುಗಳಾಚೆ ಮರದ ಕೆಳಗೆ ಹುಡುಗ ಹುಡುಗಿಯರು ಕೂತು ಇಂಗ್ಲಿಷಿನಲ್ಲಿ ಜಗಳವಾಡುವುದು ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಹೆಣ್ಣುಮಗು ಎದುರು ಮಾತಾಡಿದರೆ ಬಾಯಿ ಜಾಸ್ತಿ ಎನ್ನುತ್ತಿದ್ದರು, ಅಲ್ಲಿ ಅದಕ್ಕೇ ಪದವಿ ಕೊಡುತ್ತಾರೆ ಎನ್ನುವುದು ನನಗೆ ಬಹಳ ಹಿಡಿಸಿತ್ತು. ಆದರೆ ಭಯವೂ ಅಷ್ಟೇ ಇತ್ತು. ದೆಹಲಿಯಲ್ಲೋ ಕಲ್ಕತ್ತದಲ್ಲೋ ಸೀಟು ಸಿಗದಿದ್ದರೆ ಆ ಸೋಲು ಅಲ್ಲೇ ಇರುತ್ತದೆ. ಇದು ಮನೆಯೆದುರಿನ ಸೋಲು. ತರಕಾರಿಗೆ ಹೋದರೂ ಅದರ ಮುಂದೆಯೇ ಹಾದು ಹೋಗಬೇಕು.

ಅಷ್ಟರಲ್ಲಿ ಅಲ್ಲಿ ಓದುವವರೆಲ್ಲ ಹಾಸ್ಟೆಲಿನಲ್ಲೇ ಇರಬೇಕು ಎಂಬ ಸಂಗತಿ ಅಪ್ಪನ ಕಿವಿಗೆ ಬಿತ್ತು. ಮನೆಯ ತಾರಸಿಯಿಂದ ಕಾಂಪೌಂಡು ಕಾಣುವಾಗ ಹಾಸ್ಟೆಲೇ! ನಾನಿನ್ನೂ ಅರ್ಜಿಯನ್ನೇ ಹಾಕಿಲ್ಲ, ಇವರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ವಿನಾಯಿತಿ ಕೇಳಲು ಹೊರಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ಗೇಟಿನ ವಾಚ್‌ಮನ್ ಇವರನ್ನು ಒಳಗೇ ಬಿಡಲಿಲ್ಲ. ಇವರೂ ಬಿಡುವವರಲ್ಲ, ಅವನಿಗೇ ಇಡೀ ಸಂಸಾರದ ಕಥೆ ಹೇಳಿದರು. ಅವನು ಟೀ ಅಂಗಡಿಯಲ್ಲಿ ಹೇಳಿದ. ಮಾರನೆಯ ದಿನ ಹಾಲಿನ ಬೂತಿನಲ್ಲಿ ಒಬ್ಬರು, "ಏನಮ್ಮ, ಲಾಯರ್ ಆಗ್ತೀಯಂತೆ? ನಮ್ಮ ಸೈಟಿಂದು ಒಂದು ಕೇಸಿದೆ, ಇಟ್ಟಿರ್ತೀನಿ" ಎಂದರು.

ಇನ್ನು ನನ್ನ ತೀರ್ಮಾನಕ್ಕೆ ಏನು ಉಳಿಯಿತು? ಹಾಕದಿದ್ದರೆ ಯಾಕೆ ಹಾಕಲಿಲ್ಲ ಎನ್ನುತ್ತಾರೆ, ಹಾಕಿದರೆ ಏನಾಯಿತು ಎನ್ನುತ್ತಾರೆ. ಹಾಕಿದೆ, ಬರೆದೆ, ಸಿಗಲಿಲ್ಲ.

ಅಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವರ ಸಿಟ್ಟೆಲ್ಲ ಆ ವಿಶ್ವವಿದ್ಯಾಲಯದ ಮೇಲೆ. "ಆ ಕಟ್ಟಡಗಳು ಏಳೋವಾಗ ಲಾರಿ ಧೂಳು ಕುಡ್ದೋರು ನಾವು. ಅಕ್ಕಪಕ್ಕದೋರು ಅಂತ ಒಂದು ಸೀಟ್ ಬಿಡಬಾರದಾ?" ಎಂದು ತಿಂಗಳುಗಟ್ಟಲೆ ಗೊಣಗಿದರು. ಅದು ಪ್ರೀತಿ ಎಂದು ಈಗ ಗೊತ್ತು. ಆಗ ಮಾತ್ರ ಕಿವಿಗೆ ಹತ್ತಿ ತುರುಕಿಕೊಳ್ಳುವಷ್ಟು ಕೋಪ ಬರುತ್ತಿತ್ತು. ಹಾಲಿನ ಬೂತಿನವರು, ಇಸ್ತ್ರಿಯವರು, ಗಣಪತಿ ಗುಡಿಯ ಅರ್ಚಕರು, ಎಲ್ಲರಿಗೂ ಒಂದೊಂದು ಸಲ "ಆಗಲಿಲ್ಲ" ಎಂದು ವರದಿ ಒಪ್ಪಿಸಿದೆ. ಕೊನೆಗೆ ವಿಜಯನಗರದಲ್ಲೇ ಬಿಕಾಂ ಸೇರಿದೆ. ಅತ್ತೆಗೆ ಆದ ಸಂತೋಷವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆಮೇಲೆ ಬ್ಯಾಂಕಿನ ಕೆಲಸ ಸಿಕ್ಕಿತು, ಮದುವೆಯಾಯಿತು. ಅಪ್ಪ ಅಮ್ಮನ ಮನೆಯ ಮೇಲೆಯೇ ಮಹಡಿ ಕಟ್ಟಿಸಿಕೊಂಡು ಚೆನ್ನಾಗಿದ್ದೇನೆ. ಅದನ್ನೆಲ್ಲ ಎಂದೋ ಮರೆತೆ ಎಂದುಕೊಂಡಿದ್ದೆ.

ಈಗ ನನ್ನ ಮಗಳು ಮೇಘನಾ ಎರಡನೇ ಪಿಯುಸಿ. ಅದೇ ವಿಶ್ವವಿದ್ಯಾಲಯದ ಅರ್ಜಿಗೆ ಕೊನೆಯ ದಿನ ಹತ್ತಿರ ಬರುತ್ತಿದೆ, ಇವಳು ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ. ಅಪ್ಪನಿಗೆ ಎಪ್ಪತ್ತು ದಾಟಿದರೂ ಮಾತು ಬದಲಾಗಿಲ್ಲ. "ಪುಟ್ಟಿ, ನಡ್ಕೊಂಡು ಹೋಗ್ಬಹುದು ಕಣೇ" ಎಂದು ಶುರು ಮಾಡಿದ್ದಾರೆ. ನಾನು ದೊಡ್ಡ ಮನಸ್ಸಿನವಳಂತೆ "ನಿನ್ನಿಷ್ಟ" ಎಂದು ದಿನಕ್ಕೆ ಹತ್ತು ಸಲ ಹೇಳಿ ಅವಳ ತಲೆ ತಿನ್ನುತ್ತಿದ್ದೆ.

ಆ ಕರಪತ್ರ ಬಂದ ಬೆಳಿಗ್ಗೆಯೇ ಅವಳನ್ನು ಸ್ಕೂಟರಿನಲ್ಲಿ ಕಾಲೇಜಿಗೆ ಬಿಡಲು ಹೋಗುತ್ತಿದ್ದೆ. ನನ್ನ ತಾಳ್ಮೆ ಮುಗಿದಿತ್ತು.

"ಹಾಕ್ತೀಯೋ ಇಲ್ವೋ, ಒಂದು ಹೇಳಿಬಿಡೇ ಮಾರಾಯ್ತಿ. ಸಿಗ್ದೇ ಇದ್ರೆ ಏನೀಗ? ಪ್ರಪಂಚ ಮುಳುಗುತ್ತಾ?"

ಆಗ ನಾವು ವಿಶ್ವವಿದ್ಯಾಲಯದ ಗೇಟು ದಾಟುತ್ತಿದ್ದೆವು. ಹಿಂದಿನಿಂದ ಮೇಘನಾ ಹೇಳಿದಳು: "ನಿಂಗೆ ಮುಳುಗ್ತಲ್ಲಮ್ಮ. ಈ ಗೇಟ್ ಬಂದಾಗೆಲ್ಲ ನೀನು ಮುಖ ಆ ಕಡೆ ತಿರುಗಿಸ್ಕೋತೀಯ. ನಾನು ಚಿಕ್ಕೋಳಿದ್ದಾಗಿಂದ ನೋಡ್ತಿದೀನಿ. ಈಗ್ಲೂ ತಿರುಗಿಸ್ದೆ."

ನಾನು ನೋಡುತ್ತಿದ್ದದ್ದು ರಸ್ತೆಯ ಆಚೆ ಬದಿಯ ಟೈಲ್ಸ್ ಅಂಗಡಿಯನ್ನು. ಇಷ್ಟು ವರ್ಷವೂ ಅದನ್ನೇ ನೋಡಿದ್ದೇನೆ. ಮೊದಲು ಅಲ್ಲಿ ಹೊಲವಿತ್ತು, ಆಮೇಲೆ ಗ್ಯಾರೇಜು, ಆಮೇಲೆ ಈ ಅಂಗಡಿ. ಒಂದೊಂದೂ ನನಗೆ ಚೆನ್ನಾಗಿ ಗೊತ್ತು. ನನಗೇ ಗೊತ್ತಿಲ್ಲದಿದ್ದದ್ದು ನನ್ನ ಈ ಅಭ್ಯಾಸ. ಯಾವ ಭಯ ಮಗಳಿಗೆ ಬೇಡ ಎಂದು ದಿನವೂ ಉಪದೇಶ ಮಾಡುತ್ತಿದ್ದೆನೋ, ಅದನ್ನು ಅವಳಿಗೆ ಕಲಿಸಿದವಳು ನಾನೇ.

ಸ್ಕೂಟರ್ ತಿರುಗಿಸಿ ಗೇಟಿನೆದುರೇ ನಿಲ್ಲಿಸಿದೆ. ನೆಟ್ಟಗೆ ನೋಡಿದೆ. ಮರಗಳು ದೊಡ್ಡವಾಗಿದ್ದವು. ಒಬ್ಬ ಹುಡುಗಿ ತಿಂಡಿಯ ಪೊಟ್ಟಣ ಹಿಡಿದು ಓಡುತ್ತಿದ್ದಳು. ವಾಚ್‌ಮನ್ ಬಂದು, "ಯಾರನ್ನ ನೋಡ್ಬೇಕಿತ್ತು ಮೇಡಂ?" ಎಂದ.

"ಯಾರನ್ನೂ ಇಲ್ಲಪ್ಪ. ಸುಮ್ನೆ ನೋಡ್ತಿದೀವಿ."

ಮೇಘನಾ ಇಳಿದು ನನ್ನ ಪಕ್ಕ ನಿಂತಳು. ನನ್ನ ಕಣ್ಣು ಒದ್ದೆಯಾಗಿದ್ದನ್ನು ಕಂಡೂ ಕಾಣದಂತಿದ್ದಳು. ಗೇಟಿನ ಕಡೆಗೇ ನೋಡುತ್ತಾ, "ಹಾಕ್ತೀನಿ" ಎಂದಳು. "ಆದ್ರೆ ತಾತಂಗೆ ಹೇಳ್ಕೂಡ್ದು. ಅಜ್ಜಿಗೂ ಹೇಳ್ಕೂಡ್ದು. ಸಿಗ್ದೇ ಇದ್ರೆ ನಂಗೆ ನಿಂಗೆ ಬಿಟ್ಟು ಯಾರ್ಗೂ ಗೊತ್ತಾಗ್ಬಾರ್ದು."

ಸಂಜೆ ಬ್ಯಾಂಕಿನಿಂದ ಬಂದಾಗ ಅಪ್ಪ ಜಗಲಿಯಲ್ಲಿ ಕಾದು ಕೂತಿದ್ದರು.

"ಏನಂತೆ ಪುಟ್ಟೀದು? ಹಾಕಿದ್ಲಾ? ಹೇಳು, ನಾಳೆ ನಾನೊಂದು ಸಲ ಹೋಗಿ ವಿಚಾರಿಸ್ಕೊಂಡು ಬರ್ತೀನಿ."

ಒಳಗಿನ ಬಾಗಿಲಲ್ಲಿ ಮೇಘನಾ ನಿಂತಿದ್ದಳು. ಅಪ್ಪನ ಮುಖ ನೋಡಿದರೆ ಪಾಪ ಅನ್ನಿಸಿತು. ಆದರೂ ಚಪ್ಪಲಿ ಬಿಡುತ್ತಾ ಹೇಳಿದೆ: "ಇಲ್ಲಪ್ಪ. ಅವಳಿಗೆ ಇಷ್ಟ ಇಲ್ವಂತೆ. ಇನ್ನು ಆ ಮಾತು ಬಿಡಿ."