ಸಾಂಕೇತಿಕವಾಗಿ ಒಂದು ಉಸಿರು

"ಅಣ್ಣ, ಸಾಂಕೇತಿಕ ಅನ್ನೋದು ಮಿಷಿನ್ ಕಂಪ್ನಿ ಎಸ್ರಾ?"

ಪಕ್ಕದ ಕುರ್ಚಿಯ ಹೆಂಗಸು ಹೀಗೆ ಕೇಳಿದಾಗ ನಾನು ನಕ್ಕುಬಿಟ್ಟೆ. ರಾಬರ್ಟ್‌ಸನ್‌ಪೇಟೆಯ ಕಲ್ಯಾಣ ಮಂಟಪದಲ್ಲಿ ಸೇವಾ ಸಂಸ್ಥೆಯೊಂದರ ಕ್ರಿಸ್‌ಮಸ್ ಡಿನ್ನರ್. (ಹೆಸರು ಬೇಡ. ಇಂಥ ಕ್ಲಬ್ಬು ನಿಮ್ಮೂರಿನಲ್ಲೂ ಇದೆ.) ಆಕೆಯ ಕೈಯಲ್ಲಿ ಇನ್ವಿಟೇಶನ್ ಇತ್ತು. 'ಆಮ್ಲಜನಕ ಯಂತ್ರದ ಸಾಂಕೇತಿಕ ಹಸ್ತಾಂತರ' ಎಂದು ಅದರಲ್ಲಿ ಕೆಂಪಕ್ಷರದಲ್ಲಿ ಅಚ್ಚಾಗಿತ್ತು.

"ಕಂಪನಿ ಹೆಸರಲ್ಲಮ್ಮ. ಸ್ಟೇಜ್ ಮೇಲೆ ಕರೆದು ಕೊಡ್ತಾರಲ್ಲ, ಅದಕ್ಕೆ ಹಾಗಂತಾರೆ" ಎಂದೆ. ಎರಡು ಮಾತಾಡಲು ಕರೆಸಿಕೊಂಡ ಅತಿಥಿ ನಾನು. ಇಷ್ಟು ಕನ್ನಡ ಹೇಳಿಕೊಡಲಾರೆನೇ?

ಆಕೆ ಮುನಿಯಮ್ಮ. ಬೇತಮಂಗಲದ ಹತ್ತಿರದ ಹಳ್ಳಿಯವರು, ಬಂಗಾರಪೇಟೆಯ ಮಂಡಿಯಲ್ಲಿ ಟೊಮ್ಯಾಟೊ ಆರಿಸುವ ಕೂಲಿ. ಆಚೆ ಕುರ್ಚಿಯಲ್ಲಿ ಮಂಕಿ ಟೋಪಿ ಹಾಕಿ, ಶಾಲು ಹೊದ್ದು ಕೂತಿದ್ದವರು ಅವರಪ್ಪ ಚಿನ್ನಪ್ಪ. ಹರೆಯದಲ್ಲಿ ಚಿನ್ನದ ಗಣಿಗೆ ಇಳಿದವರು. ಗಣಿ ಮುಚ್ಚಿದ ಮೇಲೆ ಕಲ್ಲಿನ ಕ್ರಷರ್‌ಗೆ ಹೋದವರು. ಎರಡೂ ಕಡೆಯ ಧೂಳು ಎದೆಯೊಳಗೆ ಕೂತಿತ್ತು. ಒಂದೊಂದು ಉಸಿರಿಗೂ ಅವರ ಹೆಗಲು ಮೇಲೆದ್ದು ಬೀಳುತ್ತಿತ್ತು.

"ಮನೇಲಿ ಬಾಡ್ಗೆ ಸಿಲಿಂಡ್ರು ಇತ್ತಣ್ಣ. ಇವತ್ತು ಮಿಷಿನ್ ಸಿಗ್ತದಲ್ಲ ಅಂತ ಬೆಳಗ್ಗೆ ವಾಪಸ್ ಕೊಟ್ಬುಟ್ವಿ. ಪೇಷೆಂಟು ಖುದ್ದಾಗಿ ಬರ್ಬೇಕು ಅಂದ್ರು. ಆಟೋದಲ್ಲಿ ಆಕ್ಕೊಂಡು ಬಂದೆ" ಎಂದರು ಮುನಿಯಮ್ಮ.

ಕರೆಂಟ್ ಇದ್ದರೆ ಸಾಕು, ಸುತ್ತಲಿನ ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಯಂತ್ರ ಅದು. ಸ್ಟೇಜಿನ ಮೇಲೆ, ಹತ್ತಿಯ ಹಿಮ ಅಂಟಿಸಿದ ಕ್ರಿಸ್‌ಮಸ್ ಗಿಡದ ಕೆಳಗೆ, ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆ ಕೂತಿತ್ತು. ಮೇಲೆ ರಿಬ್ಬನ್ನು. ಚಿನ್ನಪ್ಪ ಅದನ್ನೇ ನೋಡುತ್ತಿದ್ದರು. "ಪೆಟ್ಗೆ ಚಿಕ್ದೈತೆ" ಎಂದು ನಿಲ್ಲಿಸಿ, ಉಸಿರು ಎಳೆದುಕೊಂಡು, "ಇದ್ರಲ್ಲಿ ಎಷ್ಟು ಗಾಳಿ ಇಡಿಸ್ತದೆ?" ಎಂದು ಮಗಳನ್ನು ಕೇಳಿದರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ.

ಈಗಲೇ ಕೊಟ್ಟುಬಿಡಬಹುದಿತ್ತಲ್ಲ? ಆಗುವುದಿಲ್ಲ ಸ್ವಾಮಿ. ರಿಬ್ಬನ್ ಕತ್ತರಿಸಬೇಕಾದವರು ಬೆಂಗಳೂರಿನಿಂದ ಬರಬೇಕು. "ಚೀಫ್ ಗೆಸ್ಟ್ ಬಂಗಾರಪೇಟೆ ದಾಟುತ್ತಿದ್ದಾರೆ" ಎಂದು ಮೈಕಿನಲ್ಲಿ ಆಗಾಗ ಹೇಳುತ್ತಿದ್ದರು. ಬಂಗಾರಪೇಟೆ ಅಷ್ಟು ದೊಡ್ಡ ಊರೆಂದು ನನಗೆ ಅಂದೇ ಗೊತ್ತಾದದ್ದು.

ಬರುವವರೆಗೆ ಜನ ಸುಮ್ಮನೆ ಕೂರಬೇಕೇ? ಗೇಮ್ಸ್ ಶುರುವಾಯಿತು. ದಂಪತಿಗಳಿಗೆ ಬಲೂನ್ ಊದುವ ಸ್ಪರ್ಧೆ. "ಯಾರಿಗೆ ಉಸಿರು ಜಾಸ್ತಿಯೋ ಅವರಿಗೇ ಪ್ರೈಜ್" ಎಂದರು ನಿರೂಪಕಿ. ಎಲ್ಲರೂ ನಕ್ಕರು. ಚಿನ್ನಪ್ಪನವರ ಮುಂದೆಯೇ ಕೆನ್ನೆ ಉಬ್ಬಿಸಿ ಊದಿದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವೆ. ಇಲ್ಲಿ ಬೆಕ್ಕಿಗೆ ಇಲಿ ಇದೆಯೆಂಬುದೇ ಗೊತ್ತಿರಲಿಲ್ಲ. ಕೆಟ್ಟವರಲ್ಲ ಪಾಪ. ಡಿಸೆಂಬರ್‌ನ ಚಳಿ, ಬಿರಿಯಾನಿಯ ಘಮ, ಖುಷಿಯಾಗಿದ್ದರು ಅಷ್ಟೇ.

ಮುನಿಯಮ್ಮ ಎದ್ದು ಅಧ್ಯಕ್ಷರ ಹತ್ತಿರ ಹೋದರು. "ಸಾರ್, ನಮ್ಮಪ್ಪಂಗೆ ತಡಿಯಕ್ಕಾಗ್ತಿಲ್ಲ. ಒಂದ್ಗಳಿಗೆ ಮಿಷಿನ್ ಆಕ್ಬುಟ್ಟು ಮತ್ತೆ ಕಟ್ಟಿಟ್ಬುಡಿ."

"ಐದೇ ನಿಮಿಷ ಅಮ್ಮ. ಬಂದೇ ಬಿಟ್ರು" ಎಂದರು ಅಧ್ಯಕ್ಷರು. ಮುನಿಯಮ್ಮನಿಗೆ ಕುಡಿಯಲು ಜ್ಯೂಸ್ ಕೂಡ ಕೊಡಿಸಿದರು.

ಅಂತೂ ಚೀಫ್ ಗೆಸ್ಟ್ ಬಂದರು. ಹಾರ, ಪೇಟ, ಕೇಕು. ಚಿನ್ನಪ್ಪನವರನ್ನು ಕುರ್ಚಿ ಸಮೇತ ಎತ್ತಿ ಸ್ಟೇಜಿಗೆ ತಂದರು. ರಿಬ್ಬನ್ ಕತ್ತರಿಸಿ ಪೆಟ್ಟಿಗೆಯನ್ನು ಅವರ ತೊಡೆಯ ಮೇಲಿಟ್ಟರು. ಫೋಟೋಗ್ರಾಫರ್ "ಯಜಮಾನ್ರೇ, ಸ್ವಲ್ಪ ಈ ಕಡೆ ನೋಡಿ, ಸ್ಮೈಲ್" ಎಂದ. ಚಿನ್ನಪ್ಪನವರ ತುಟಿ ಆಗಲೇ ನೀಲಿಗಟ್ಟಿತ್ತು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಮುನಿಯಮ್ಮ ತಟ್ಟಲಿಲ್ಲ. ಸೀದಾ ಸ್ಟೇಜಿಗೆ ಹತ್ತಿ, ಸೀರಿಯಲ್ ಸೆಟ್ಟಿನ ಪ್ಲಗ್ ಕಿತ್ತು ಮಿಷಿನ್‌ಗೆ ಜಾಗ ಮಾಡಿದರು. ಗಿಡದ ದೀಪಗಳೆಲ್ಲ ಆರಿದವು. "ಏಯ್ ಏಯ್, ಇರಮ್ಮ" ಎಂದು ಯಾರೋ ಬರುವಷ್ಟರಲ್ಲಿ ಪೆಟ್ಟಿಗೆಯನ್ನು ಹರಿದಾಗಿತ್ತು.

ಒಳಗೆ ಹಳೇ ಪೇಪರ್. ಬರೀ ಹಳೇ ಪೇಪರ್. (ನನ್ನ ಅಂಕಣವೂ ಅದರಲ್ಲಿ ಇದ್ದೀತು.)

ಮುನಿಯಮ್ಮ ಕೈಹಾಕಿ ತಳದವರೆಗೂ ಹುಡುಕಿದರು. ಕೆಳಗಿನ ಪೇಪರನ್ನೂ ತೆಗೆದು ನೋಡಿದರು. ಅದನ್ನು ನೋಡಲು ನನ್ನಿಂದ ಆಗಲಿಲ್ಲ, ತಲೆ ತಗ್ಗಿಸಿದೆ.

"ಇದು ಸಾಂಕೇತಿಕ ಅಮ್ಮ" ಎಂದರು ಅಧ್ಯಕ್ಷರು, ಸಮಾಧಾನದ ದನಿಯಲ್ಲೇ. "ಒರಿಜಿನಲ್ ಬಂಗಾರಪೇಟೆಯಲ್ಲಿ ನಮ್ಮ ಗೋಡೌನ್‌ನಲ್ಲಿ ಸೇಫಾಗಿದೆ. ಈ ಗದ್ದಲದಲ್ಲಿ ತಂದು ಬೀಳಿಸಿದ್ರೆ ಕಷ್ಟ ಅಲ್ವಾ? ಸೋಮವಾರ ಟೆಕ್ನಿಷಿಯನ್ ಮನೆಗೇ ಬಂದು ಫಿಟ್ ಮಾಡ್ತಾನೆ."

"ಸೋಮವಾರದ ಗಂಟ ನಮ್ಮಪ್ಪ ಏನು ಉಸಿರಾಡ್ಬೇಕು ಸಾರ್?"

ಅಷ್ಟು ಹೊತ್ತಿಗೆ ಚಿನ್ನಪ್ಪ ಕುರ್ಚಿಯಲ್ಲೇ ಪಕ್ಕಕ್ಕೆ ವಾಲಿದ್ದರು. ಸ್ಯಾಂಟಾ ವೇಷ ಹಾಕಿದ್ದ ಬಟ್ಟೆ ಅಂಗಡಿಯವರು ಗಡ್ಡ ಕಿತ್ತೆಸೆದು ಅವರನ್ನು ಎತ್ತಿಕೊಂಡು ಓಡಿದರು. ಕೆಂಪು ನಿಲುವಂಗಿಯಲ್ಲೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೋದರು. ಆ ಸಂಜೆ ಮನುಷ್ಯನಂತೆ ನಡೆದುಕೊಂಡದ್ದು ಅವರೊಬ್ಬರೇ. ಉಳಿದ ನಾವು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಊಟದ ತಟ್ಟೆ ಹಿಡಿದೆವು. ಸೀರಿಯಲ್ ಸೆಟ್ಟಿನ ಪ್ಲಗ್ಗನ್ನು ಯಾರೋ ಮತ್ತೆ ಸಿಕ್ಕಿಸಿದರು.

ಸಾಂಕೇತಿಕ ಎಂಬುದು ನಮಗೆ ಎಷ್ಟು ಅನುಕೂಲದ ಪದ ನೋಡಿ. ಹೊಸ ಪೊರಕೆ ಹಿಡಿದು ಗುಡಿಸಿದ ಜಾಗವನ್ನೇ ಗುಡಿಸುತ್ತೇವೆ. ಪ್ರತಿವರ್ಷ ಅದೇ ಗುಂಡಿಯಲ್ಲಿ ಸಸಿ ನೆಡುತ್ತೇವೆ. ಆ ಸಸಿ ಒಣಗಿದರೆ ಯಾರೂ ಸಾಯುವುದಿಲ್ಲ, ಹಾಗಾಗಿ ನಡೆದುಕೊಂಡು ಬಂದಿದೆ. ಉಸಿರಿಗೂ ಅದೇ ಪದ ಅಂಟಿಸಿದಾಗ ಅದನ್ನು ಓದಿದವರಲ್ಲಿ ಒಬ್ಬರಿಗೂ ಅಳುಕಾಗಲಿಲ್ಲ. ನಾನೂ ಓದಿದ್ದೆನಲ್ಲ?

ಚಿನ್ನಪ್ಪ ಮಾರನೆಯ ದಿನ ತೀರಿಕೊಂಡರು.

ಮಣ್ಣಿಗೆ ಹೋಗಿದ್ದೆ. ಮುನಿಯಮ್ಮ ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ನಿಮ್ದೇನಿಲ್ಲ ಬುಡಣ್ಣ. ನಂಗೆ ಆ ಮಾತು ತಿಳೀನಿಲ್ಲ. ತಿಳ್ದಿದ್ರೆ ಸಿಲಿಂಡ್ರು ಇಟ್ಕೊಂಡಿರ್ತಿದ್ದೆ" ಎಂದರು.

ಅವರ ಗೋಡೆಯ ಮೊಳೆಯಲ್ಲಿ ಆ ಇನ್ವಿಟೇಶನ್ ಇನ್ನೂ ಸಿಕ್ಕಿಸಿತ್ತು.

ಕ್ಲಬ್ಬಿನವರೂ ದುಃಖಪಟ್ಟರು. ಮುಂದಿನ ಮೀಟಿಂಗಿನಲ್ಲಿ ಎದ್ದುನಿಂತು ಮೌನ ಆಚರಿಸಿದರು. ಯಂತ್ರ ಹೇಗೂ ಉಳಿದಿದೆ. ಅದನ್ನು ಸಂಕ್ರಾಂತಿಯ ಫ್ಯಾಮಿಲಿ ಮೀಟ್‌ನಲ್ಲಿ ಇನ್ನೊಬ್ಬ ರೋಗಿಗೆ ಕೊಡುತ್ತಾರಂತೆ. ನಿನ್ನೆ ನನಗೂ ಇನ್ವಿಟೇಶನ್ ಬಂತು. ಅದೇ ಕೆಂಪಕ್ಷರ, ಅದೇ 'ಸಾಂಕೇತಿಕ ಹಸ್ತಾಂತರ'.

ಆ ರೋಗಿಯ ಮನೆಯಲ್ಲಿ ಈ ಪದದ ಅರ್ಥ ಬಲ್ಲವರು ಯಾರಾದರೂ ಇದ್ದಾರಾ?